ನಾರ್ವೆಯ ಪಾದ್ರಿ ನನ್ನನ್ನು ಲೆಕ್ಕದಿಂದ ತೆಗೆದದ್ದು

ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಕುಣಿಗಲ್ಲಿನ ಒಂದು ಬಯಲಿನಲ್ಲಿ, ಹಗಲು ಮೂರೂವರೆ ಗಂಟೆಗೆ, ಎರಡು ಊರಿನ ಮಕ್ಕಳ ಸಮಕ್ಷಮದಲ್ಲಿ ನನ್ನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಘೋಷಿಸಲಾಯಿತು. ಘೋಷಿಸಿದಾತ ನಾರ್ವೆ ದೇಶದ ಒಬ್ಬ ಕ್ರೈಸ್ತ ಮಿಷನರಿ. ಅನುಮೋದಿಸಿದವರು ನಾನೇ ಖೋಖೋ ಕಲಿಸಿದ ಒಂಬತ್ತು ಮಕ್ಕಳು. ಇಷ್ಟನ್ನು ಮೊದಲು ದಾಖಲಿಸಿ ಅನಂತರ ಉಳಿದ ಸಂಗತಿಗೆ ಬರುತ್ತೇನೆ. ಅನ್ಯಾಯವನ್ನು ಹೇಳಲು ಹೊರಟವರು ಹವಾಮಾನದಿಂದ ಆರಂಭಿಸಿದರೆ ಕೇಳುವವರು ಅನ್ಯಾಯದವರೆಗೆ ಬಂದು ತಲುಪುವುದಿಲ್ಲ ಎಂಬುದು ನನ್ನ ಅನುಭವ.

ನಾನು ಯಾರೆಂಬುದನ್ನೂ ಹೇಳಿಬಿಡಬೇಕು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಕಡೆ ಮೂವತ್ತನಾಲ್ಕು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಇದು ಸರ್ಕಾರಿ ಕಾಗದದಲ್ಲಿದ್ದ ಹೆಸರು; ಊರಿನ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ಡ್ರಿಲ್ ಮೇಷ್ಟರ ಸ್ಥಾನವೇನೆಂಬುದನ್ನು ಬಲ್ಲವರು ಬಲ್ಲರು. ಪರೀಕ್ಷೆ ಹತ್ತಿರ ಬಂದರೆ ಗಣಿತದವರು ಮೊದಲು ಕಿತ್ತುಕೊಳ್ಳುವುದು ಅವನ ಪೀರಿಯಡ್ಡನ್ನು. ಗ್ರೂಪ್ ಫೋಟೋಗೆ ಬೆಂಚು ಜೋಡಿಸಿ, ಎತ್ತರದವರನ್ನು ಹಿಂದೆ ನಿಲ್ಲಿಸಿ, ಎಲ್ಲರ ಕಾಲರು ಸರಿಪಡಿಸುವವನು ಅವನು. ಫೋಟೋ ಕೈಗೆ ಬಂದಾಗ ಅಂಚಿನಲ್ಲಿ ಅವನ ಅರ್ಧ ಭುಜ ಮಾತ್ರ ಇರುತ್ತದೆ. ಅಂಥ ಮೂವತ್ತನಾಲ್ಕು ಫೋಟೋಗಳಲ್ಲಿ ಒಟ್ಟು ಹದಿನೇಳು ಭುಜ ನನ್ನವು. ಯಾವುದನ್ನೂ ಮರೆಯದಿರುವುದು ನನ್ನ ದೊಡ್ಡ ದೋಷವೆಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹಾಗೆ ಹೇಳಿದ ಸಂದರ್ಭಗಳೆಲ್ಲವೂ ನನಗೆ ನೆನಪಿವೆ.

ಮರೆಯದ ಸಂಗತಿಗಳಲ್ಲಿ ಅಗ್ರಸ್ಥಾನ ಕುಣಿಗಲ್ಲಿನ ಶಿವನಂಜಪ್ಪನಿಗೆ ಸಲ್ಲಬೇಕು. ಆತನೂ ನನ್ನಂತೆಯೇ ಡ್ರಿಲ್ ಮೇಷ್ಟರು. ಇಪ್ಪತ್ತು ವರ್ಷಗಳ ಹಿಂದೆ ಒಂದು ಖೋಖೋ ಪಂದ್ಯದಲ್ಲಿ ಆತನ ಹುಡುಗರು ನನ್ನ ಹುಡುಗರನ್ನು ಒಂದೇ ಪಾಯಿಂಟಿನಿಂದ ಸೋಲಿಸಿದರು. ಸೋಲು ನನ್ನನ್ನು ನೋಯಿಸಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಆತ ನಾಲ್ಕು ಜನರ ಮುಂದೆ ಹೇಳಿದ ಮಾತು ನೋಯಿಸಿತು: “ನಿಟ್ಟೂರಿನ ಹುಡುಗ್ರು ಕೂತ್ಕೊಳ್ಳೋದ್ರಲ್ಲಿ ಎತ್ತಿದ ಕೈ ಕಣ್ರೀ. ಎದ್ದೇಳೋದೇ ಕಷ್ಟ.” ಖೋಖೋ ಆಟದಲ್ಲಿ ಸಾಲಾಗಿ ಕೂರುವುದೂ, ಬೆನ್ನ ಹಿಂದೆ ‘ಖೋ’ ಎಂದೊಡನೆ ಎದ್ದು ಅಟ್ಟುವುದೂ ಪ್ರಾಣವಿದ್ದಂತೆ. ಆ ಮಾತು ನನ್ನ ಇಡೀ ಸೇವಾವಧಿಯನ್ನು ನೆಲದ ಮೇಲೆ ಕೂರಿಸಿಬಿಟ್ಟಿತು. ಆತ ಆ ದಿನ ಕುಡಿದ ಚಹಾ ನನ್ನ ಲೋಟದಿಂದ ಬಗ್ಗಿಸಿಕೊಂಡದ್ದೆಂಬುದನ್ನೂ ಇಲ್ಲಿ ಸೇರಿಸುತ್ತೇನೆ.

ನಿವೃತ್ತನಾದ ಮೇಲೆ ತುಮಕೂರಿನ ಒಂದು ಬಡಾವಣೆಯಲ್ಲಿ ನೆಲೆಸಿದೆ. ಮನೆಯೆದುರಿಗೆ ಪಾರ್ಕಿಗೆಂದು ಬಿಟ್ಟ ಜಾಗವಿದೆ. ಪಾರ್ಕು ಇನ್ನೂ ಬಂದಿಲ್ಲವಾದ್ದರಿಂದ ಮಕ್ಕಳು ಬಂದಿದ್ದಾರೆ. ಅವರಿಗೆ ದಿನವೂ ಸಂಜೆ ಐದೂವರೆಗೆ ಖೋಖೋ ಹೇಳಿಕೊಡುವುದನ್ನು ನಾನೇ ನನಗೆ ವಹಿಸಿಕೊಂಡೆ. ಶಿವನಂಜಪ್ಪನೂ ನಿವೃತ್ತನಾಗಿ ಕುಣಿಗಲ್ಲಿನಲ್ಲಿ ತನ್ನ ಬೀದಿಯ ಮಕ್ಕಳಿಗೆ ಖೋಖೋ ಕಲಿಸುತ್ತಿದ್ದಾನೆಂಬ ಸುದ್ದಿ ಕಿವಿಗೆ ಬಿದ್ದದ್ದು ಆಮೇಲೆ. ಎರಡಕ್ಕೂ ಸಂಬಂಧವಿಲ್ಲ ಎಂದು ಆಗ ಹೇಳಿಕೊಂಡಿದ್ದೆ. ಈಗ ಹಾಗೆ ಹೇಳಲು ಸಂಕೋಚವಾಗುತ್ತದೆ.

ಆ ನಾರ್ವೆಯ ಪಾದ್ರಿ ಎರಿಕ್ ಬಂದದ್ದು ಇಂಥ ಹೊತ್ತಿನಲ್ಲಿ. ಅವನ ದೇಶದ ಸಭೆಯವರು ಅವನನ್ನು ಇಲ್ಲಿನ ಒಂದು ಸಣ್ಣ ಪ್ರಾರ್ಥನಾಲಯದ ಸೇವೆಗೆ ಕಳುಹಿಸಿ, ನೆರೆಹೊರೆಯ ಮಕ್ಕಳಿಗೆ ಆಟ ಕಲಿಸಿ ಊರಿನವರ ಸ್ನೇಹ ಸಂಪಾದಿಸು ಎಂದಿದ್ದರಂತೆ. ಮೂವತ್ತರ ಆಸುಪಾಸಿನ ಹುಡುಗ, ಬಾಗಿಲಿಗಿಂತ ಎತ್ತರ. ತಂದ ಆಟ ಫುಟ್‌ಬಾಲು. ಮೊದಲ ದಿನವೇ ಆ ಚೆಂಡು ನಮ್ಮ ತಾರಸಿಗೆ ಹಾರಿ, ನನ್ನ ಹೆಂಡತಿ ಒಣಹಾಕಿದ್ದ ಸಂಡಿಗೆಯ ನಟ್ಟನಡುವೆ ಇಳಿಯಿತು. ಕ್ಷಮೆ ಕೇಳಲು ಬಂದ. ಕನ್ನಡವನ್ನು ಯಾವುದೋ ಹಳೆಯ ಪುಸ್ತಕದಿಂದ ಕಲಿತಿದ್ದನೆಂದು ತೋರುತ್ತದೆ. ಕೈಮುಗಿದು, “ಅಮ್ಮನವರೇ, ನನ್ನ ಅಪರಾಧವನ್ನು ತಾವು ಮನ್ನಿಸಬೇಕು” ಎಂದ. ಬಳಿಕ ನನ್ನ ಕಡೆ ತಿರುಗಿ, “ಇವರು ತಮ್ಮ ತಂದೆಯವರೇ?” ಎಂದು ಅವಳನ್ನೇ ಕೇಳಿದ. ನಮ್ಮಿಬ್ಬರಿಗೂ ನಾಲ್ಕೇ ವರ್ಷದ ಅಂತರ. ಸಂಡಿಗೆ ಹಾಳು ಮಾಡಿದವನಿಗೆ ಆ ದಿನ ನಮ್ಮ ಮನೆಯಲ್ಲಿ ಎರಡು ಲೋಟ ಕಾಫಿ ಸಿಕ್ಕಿತು.

ಪಾದ್ರಿ ಬಂದಿದ್ದಾನೆಂದು ಬಡಾವಣೆಯಲ್ಲಿ ನಾಲ್ಕು ದಿನ ಗುಸುಗುಸು ನಡೆಯಿತು. ಮಕ್ಕಳನ್ನು ಮತಾಂತರ ಮಾಡಿಯಾನೇ ಎಂದು ಒಂದಿಬ್ಬರು ನನ್ನನ್ನು ಗುಟ್ಟಾಗಿ ಕೇಳಿದರು. ಒಂದು ವರ್ಷ ದಿನವೂ ಎದುರಿಗೆ ಕುಳಿತು ನೋಡಿದವನಾಗಿ ಪ್ರಮಾಣಪೂರ್ವಕ ಹೇಳುತ್ತೇನೆ: ಮತಾಂತರವಾದದ್ದು ಅವನೊಬ್ಬನೇ, ಫುಟ್‌ಬಾಲಿನಿಂದ ಖೋಖೋಗೆ. ಮೂರನೆಯ ವಾರಕ್ಕೆ ಚೆಂಡನ್ನು ನಮ್ಮ ಜಗಲಿಯಲ್ಲಿಟ್ಟು, ಮೊಳಕಾಲು ಕಿವಿಗೆ ತಾಗುವಂತೆ ಮಕ್ಕಳ ಸಾಲಿನಲ್ಲಿ ಕುಳಿತುಬಿಟ್ಟಿದ್ದ. ನಾನು ಸೀಟಿ ಊದುವುದು, ಅವನು ಮಕ್ಕಳೊಡನೆ ಓಡುವುದು ಎಂದು ಕೆಲಸ ಹಂಚಿಕೆಯಾಯಿತು. ಅವನ ಗ್ರಂಥಸ್ಥ ಕನ್ನಡವೂ ಕ್ರಮೇಣ ಮೈಲಿಗೆಯಾಗುತ್ತ ಬಂತು. “ದಯವಿಟ್ಟು ವೇಗವಾಗಿ ಓಡು” ಎನ್ನುತ್ತಿದ್ದವನು ಒಂದು ಸಂಜೆ, “ಓಡ್ಲಾ, ಏನ್ ನಿಂತಿದೀಯ” ಎಂದದ್ದನ್ನು ನಾನೇ ಕೇಳಿದೆ.

ಅಭಿಪ್ರಾಯಭೇದ ಹುಟ್ಟಿದ್ದು ಚಿನ್ನುವಿನ ವಿಷಯದಲ್ಲಿ. ಚಿನ್ನು ಆರು ವರ್ಷದ ಹುಡುಗಿ. ಅವಳ ಅಣ್ಣ ನಮ್ಮ ತಂಡದಲ್ಲಿದ್ದುದರಿಂದ ಅವಳೂ ಬರುತ್ತಿದ್ದಳು. ಬೇಡವೆಂದರೆ ಅಳುತ್ತಾಳೆ, ಸೇರಿಸಿಕೊಂಡರೆ ತಂಡ ಸೋಲುತ್ತದೆ. ಇಂಥ ಮಕ್ಕಳಿಗಾಗಿ ನಮ್ಮ ಹಿರಿಯರು ಒಂದು ವ್ಯವಸ್ಥೆ ಮಾಡಿಟ್ಟಿದ್ದಾರೆ: ಮಗು ಎಲ್ಲರೊಡನೆ ಓಡಲಿ, ಕೂರಲಿ, ಕೂಗಲಿ, ಆದರೆ ಮುಟ್ಟಿದರೂ ಔಟಲ್ಲ, ಮುಟ್ಟಿಸಿಕೊಂಡವರೂ ಔಟಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಳುವೂ ಇಲ್ಲ, ಸೋಲೂ ಇಲ್ಲ. ದೊಡ್ಡ ದೊಡ್ಡ ಸಮಿತಿಗಳಲ್ಲಿ ‘ವಿಶೇಷ ಆಹ್ವಾನಿತರು’ ಎಂಬ ಕುರ್ಚಿಗಳು ಇರುತ್ತವಲ್ಲ, ಅವಕ್ಕೆಲ್ಲ ಮೂಲ ನಮ್ಮ ಬೀದಿಯ ಈ ಪದ್ಧತಿಯೇ ಎಂದು ನನ್ನ ದೃಢವಾದ ಅನುಮಾನ.

ಎರಿಕ್‌ಗೆ ಇದು ತಿಳಿದ ದಿನ ಅವನ ಮುಖ ಸಪ್ಪಗಾಯಿತು. ದೇವರ ಮುಂದೆ ಲೆಕ್ಕಕ್ಕಿಲ್ಲದವರು ಯಾರೂ ಇಲ್ಲ ಎಂದ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದೇ ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿದ. ನಾನು ಡ್ರಿಲ್ ಮೇಷ್ಟರಾಗಿ ಕೇಳಬೇಕಾದುದನ್ನೇ ಕೇಳಿದೆ: ಆ ಹೊತ್ತಿನಲ್ಲಿ ತೊಂಬತ್ತೊಂಬತ್ತನ್ನು ನೋಡಿಕೊಳ್ಳುತ್ತಿದ್ದವರು ಯಾರು? ಅದನ್ನು ಯಾರೂ ತನಗೆ ಹೇಳಿಕೊಟ್ಟಿಲ್ಲ ಎಂದು ಒಪ್ಪಿಕೊಂಡ. ಆದರೂ ಹಟ ಬಿಡಲಿಲ್ಲ. ಗುಬ್ಬಿಯ ಮಕ್ಕಳ ಮೇಲೆ ಆಡಿದ ಪಂದ್ಯದಲ್ಲಿ ಚಿನ್ನುವನ್ನು ಲೆಕ್ಕಕ್ಕೆ ಸೇರಿಸಿ ಎಂದ, ನಾನು ಸೇರಿಸಲಿಲ್ಲ, ಆದರೂ ಸೋತೆವು. ಪಂದ್ಯವಾದ ಮೇಲೆ ಅವನು ಎರಡೂ ಕಡೆಯ ಮಕ್ಕಳಿಗೆ ಒಂದೊಂದು ಬಿಸ್ಕತ್ತು ಕೊಟ್ಟು ನನಗೆ ಎರಡು ಕೊಟ್ಟ, “ತಾವು ಹೆಚ್ಚು ದುಃಖದಲ್ಲಿದ್ದೀರಿ” ಎಂದು. ಇದೂ ನೆನಪಿದೆ.

ಅಷ್ಟರಲ್ಲಿ ಕುಣಿಗಲ್ಲಿನ ಪಂದ್ಯ ನಿಶ್ಚಯವಾಯಿತು. ಶಿವನಂಜಪ್ಪನ ಮಕ್ಕಳು, ನನ್ನ ಮಕ್ಕಳು; ಇಪ್ಪತ್ತು ವರ್ಷದ ಮೇಲೆ ಒಂದು ಅವಕಾಶ. ಯಾವ ಕಾರಣಕ್ಕೂ ಚಿನ್ನು ಲೆಕ್ಕಕ್ಕೆ ಬರಕೂಡದೆಂದು ತೀರ್ಮಾನಿಸಿ, ಎರಿಕ್‌ನನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಆ ಸ್ಥಾನದ ಮಹಿಮೆಯನ್ನು ವಿವರಿಸಿದೆ. ಲೆಕ್ಕಕ್ಕಿಲ್ಲದವರನ್ನು ಯಾರೂ ಔಟ್ ಮಾಡಲಾರರು ಎಂದೆ. ಅವರಿಗೆ ಸೋಲಿಲ್ಲ, ಅವರ ತಪ್ಪು ತಪ್ಪಲ್ಲ, ಅವರ ಒಪ್ಪು ಒಪ್ಪಲ್ಲ, ರಾಜನೂ ಒಂದು ದಿನ ಸಿಂಹಾಸನದಿಂದ ಇಳಿಯಬೇಕು, ಇವರು ಮಾತ್ರ ಆಟ ಮುಗಿಯುವವರೆಗೆ ಅಂಗಳ ಬಿಡಬೇಕಾಗಿಲ್ಲ ಎಂದೆ. ಸಾಂಖ್ಯರು ಹೇಳುವ ಪುರುಷನೂ ಇಂಥವನೇ, ಪ್ರಕೃತಿಯ ಆಟವೆಲ್ಲ ಅವನ ಸಮ್ಮುಖದಲ್ಲಿ ನಡೆದರೂ ಅವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ ಎಂದು ದರ್ಶನಶಾಸ್ತ್ರವನ್ನೂ ಜೋಡಿಸಿದೆ. ಅಂದಿನಷ್ಟು ಚೆನ್ನಾಗಿ ನಾನು ಯಾವತ್ತೂ ಮಾತಾಡಿಲ್ಲ. ಎರಿಕ್ ಎಲ್ಲವನ್ನೂ ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದುಕೊಂಡು, “ಹಾಗಾದರೆ ಇದು ಅತ್ಯುನ್ನತ ಪದವಿ. ಇದನ್ನು ಆರು ವರ್ಷದ ಮಗುವಿಗೆ ಏಕೆ ಕೊಟ್ಟಿರಿ?” ಎಂದು ಕೇಳಿದ. ನಾನು ಉತ್ತರಿಸದೆ ಕಾಫಿ ತರಿಸಿದೆ. ಅದು ನನ್ನ ತಪ್ಪು. ಇಡೀ ಪ್ರಸಂಗದಲ್ಲಿ ನನ್ನ ಪಾಲಿನ ತಪ್ಪು ಇದೊಂದೇ.

ಪಂದ್ಯದ ಹಿಂದಿನ ದಿನ ನನ್ನ ಒಂಬತ್ತನೆಯ ಆಟಗಾರನಿಗೆ ಜ್ವರ ಬಂತು. ಸಾಲಿನಲ್ಲಿ ಕೂರಲು ಎಂಟು, ಅಟ್ಟಲು ಒಂದು, ಒಟ್ಟು ಒಂಬತ್ತು ತಲೆ ಬೇಕೇ ಬೇಕು, ಉಳಿದದ್ದು ಚಿನ್ನು. ಅವಳು ಕೂರಲಿ, ಓಡಲಿ, ಆದರೆ ಲೆಕ್ಕಕ್ಕಿಲ್ಲವೆಂದು ಮೊದಲೇ ಸಾರಿಬಿಡು ಎಂದು ಎರಿಕ್‌ಗೆ ಹೇಳಿದೆ. ಅವನು ತಲೆಯಾಡಿಸಿದ. ನಾರ್ವೆಯಲ್ಲಿ ತಲೆಯಾಡಿಸುವುದಕ್ಕೆ ಏನರ್ಥವೆಂದು ನಾನು ವಿಚಾರಿಸಬೇಕಾಗಿತ್ತು.

ಕುಣಿಗಲ್ಲಿನಲ್ಲಿ ಎರಡೂ ತಂಡ ಎದುರುಬದುರು ನಿಂತವು. ಎರಿಕ್ ಮುಂದೆ ಬಂದು ತನ್ನ ಶುಭ್ರವಾದ ಕನ್ನಡದಲ್ಲಿ ಒಬ್ಬೊಬ್ಬರ ಹೆಸರು ಕೂಗಿದ. ಎಂಟು ಹೆಸರಾದ ಮೇಲೆ, “ಒಂಬತ್ತನೆಯವಳು ಚಿನ್ನು. ಇವಳು ಇಂದು ಲೆಕ್ಕಕ್ಕೆ ಇದ್ದಾಳೆ” ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನತ್ತ ತಿರುಗಿ, ಎರಡೂ ಕೈ ಜೋಡಿಸಿ, ಭಕ್ತಿಯಿಂದ ಘೋಷಿಸಿದ: “ಇವರು ನಮ್ಮ ಗುರುಗಳು. ಇಂದಿನಿಂದ ಇವರು ಆಟಕ್ಕುಂಟು, ಲೆಕ್ಕಕ್ಕಿಲ್ಲ.” ನಮ್ಮ ಮಕ್ಕಳು ಕೈ ಎತ್ತಿ ಹೋ ಎಂದರು, ಹಿಂದಿನ ಸಂಜೆಯೇ ಮತ ಹಾಕಿ ನಿರ್ಧರಿಸಿದ್ದರಂತೆ. ಕುಣಿಗಲ್ಲಿನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಳಿತರು. ಶಿವನಂಜಪ್ಪ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ, “ಬುಡಿ ಮೇಷ್ಟ್ರೇ, ಇಪ್ಪತ್ತು ವರ್ಷದಿಂದ ನಾನೂ ಅದ್ನೇ ಹೇಳ್ತಿದ್ದೆ, ಯಾರೂ ನಂಬ್ತಿರ್ಲಿಲ್ಲ” ಎಂದ.

ಆದರೂ ಸೀಟಿ ನನ್ನ ಕೊರಳಲ್ಲೇ ಇತ್ತು. ಅವರು ಅಟ್ಟುವಾಗ ತೀರ್ಪು ನನ್ನದು, ನಾವು ಅಟ್ಟುವಾಗ ಶಿವನಂಜಪ್ಪನದು ಎಂದು ಒಪ್ಪಂದ. ಮೊದಲು ಅಟ್ಟಿದವರು ನಾವು. ಏಳು ನಿಮಿಷಕ್ಕೆ ಅವರ ಏಳು ಮಂದಿ ಔಟಾದರು. ಆಮೇಲೆ ಅವರ ಸರದಿ. ನಮ್ಮವರು ಮೂವರು ಮೂವರಾಗಿ ಇಳಿದು, ಆರು ಮಂದಿ ಔಟಾದರು. ಕೊನೆಯ ಮೂವರಲ್ಲಿ ಚಿನ್ನು. ಇಳಿದು ಹತ್ತು ಎಣಿಸುವಷ್ಟರಲ್ಲಿ ಒಬ್ಬ ಅವಳ ಬೆನ್ನು ಮುಟ್ಟಿದ. ನಾನು ನ್ಯಾಯವಾಗಿ ಸೀಟಿ ಊದಿ ಔಟ್ ಕೊಟ್ಟೆ. ಏಳಕ್ಕೆ ಏಳಾಯಿತು. ಚಿನ್ನು ನಿಲ್ಲಲಿಲ್ಲ.

ಅವಳು ಏಕೆ ನಿಂತಾಳು? ಒಂದು ವರ್ಷದಿಂದ ಅವಳನ್ನು ದಿನಕ್ಕೆ ನಲವತ್ತು ಸಲ ಮುಟ್ಟಿದ್ದಾರೆ. ಮುಟ್ಟಿದರೆ ನಿಲ್ಲಬೇಕೆಂದು ಅವಳಿಗೆ ಕಲಿಸಿದವರು ಯಾರು? ಓಡುವವಳನ್ನು ಕಂಡು ಕುಣಿಗಲ್ಲಿನ ಹುಡುಗರಿಗೂ ಕಾಲು ತಡೆಯಲಿಲ್ಲ. ಮತ್ತೆ ಅಟ್ಟಿದರು, ಮತ್ತೆ ಮುಟ್ಟಿದರು. ಅವಳು ನಗುತ್ತ ಮತ್ತೆ ಓಡಿದಳು. ನಾನು ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡೆ. ನಮ್ಮ ಉಳಿದಿಬ್ಬರು ಕಂಬಕ್ಕೆ ಒರಗಿ ಆರಾಮವಾಗಿ ಬೆವರು ಒರೆಸಿಕೊಳ್ಳುತ್ತಿದ್ದರು. ಕೊನೆಗೆ ಎರಿಕ್ ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡು ಹೊರಗೆ ಹೋದ. ಅಷ್ಟರಲ್ಲಿ ಒಂದು ನಿಮಿಷ ಕಳೆದು ಹೊತ್ತು ಮುಗಿದಿತ್ತು.

ಸಮ ಬಂದರೆ, ಮೊದಲ ಔಟನ್ನು ಬೇಗ ಮಾಡಿದವರು ಗೆದ್ದಂತೆ ಎಂದು ಮೊದಲೇ ಮಾತಾಗಿತ್ತು. ಬೇಗ ಮಾಡಿದವರು ನಾವು. ನಾನು ಗೆದ್ದಿದ್ದೆ. ಇಪ್ಪತ್ತು ವರ್ಷದ ಮೇಲೆ, ಶಿವನಂಜಪ್ಪನ ಊರಿನಲ್ಲಿ, ಅವನ ಕಣ್ಣೆದುರಿಗೆ. ಎದೆಯುಬ್ಬಿಸಿ ತೀರ್ಪು ಸಾರಿದೆ.

ಶಿವನಂಜಪ್ಪ ಆ ಹುಡುಗಿ ತಮ್ಮ ಒಂದು ನಿಮಿಷ ನುಂಗಿದಳೆಂದೂ, ಅಷ್ಟು ಹೊತ್ತು ಮತ್ತೆ ಆಡಿಸಬೇಕೆಂದೂ ಕೇಳಿದ. ಔಟಾದವಳನ್ನು ಅಟ್ಟಿದ್ದು ನಿಮ್ಮವರ ತಪ್ಪು, ತೀರ್ಪುಗಾರನ ಮಾತೇ ಅಂತಿಮ ಎಂದೆ. ಆತ ಸಾವಕಾಶವಾಗಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಅಲ್ಲಾ ಮೇಷ್ಟ್ರೇ, ಲೆಕ್ಕಕ್ಕಿಲ್ದೋರು ಕೊಟ್ಟ ತೀರ್ಪು ಯಾವ ಲೆಕ್ಕಕ್ಕೆ?”

ನಾನು ಎರಿಕ್‌ನತ್ತ ನೋಡಿದೆ. ಅವನು ಸತ್ಯವಂತ, ಅದೇ ಅವನ ದೊಡ್ಡ ದೋಷ. ನೋಟುಪುಸ್ತಕ ತೆರೆದು ನನ್ನದೇ ಮಾತನ್ನು ಓದಿದ: “ಅವರ ತಪ್ಪು ತಪ್ಪಲ್ಲ, ಅವರ ಒಪ್ಪು ಒಪ್ಪಲ್ಲ.” ಪಂದ್ಯ ಸಮ ಎಂದು ನಿರ್ಧಾರವಾಯಿತು. ಎಲ್ಲರೂ ಚುರುಮುರಿ ತಿಂದರು. ಶಿವನಂಜಪ್ಪ ನನಗೆ ಚಹಾ ತರಿಸಿ, ತನ್ನ ಲೋಟದಿಂದಲೂ ಒಂದಿಷ್ಟು ಬಗ್ಗಿಸಿದ. ಹಳೆಯ ಬಾಕಿಯನ್ನು ಅವನೂ ಮರೆತಿರಲಿಲ್ಲವೆಂಬುದು ಆಗ ತಿಳಿಯಿತು. ಅಷ್ಟರ ಮಟ್ಟಿಗೆ ಅವನ ಮೇಲೆ ಗೌರವ ಬಂದದ್ದನ್ನು ಮುಚ್ಚಿಡುವುದಿಲ್ಲ.

ಹಿಂದಿರುಗುವಾಗ ವ್ಯಾನಿನಲ್ಲಿ ಚಿನ್ನು ನನ್ನ ಪಕ್ಕದಲ್ಲಿ ಕುಳಿತಿದ್ದಳು. ತಾನು ಔಟಾದ ಕಥೆಯನ್ನು ಎಲ್ಲರಿಗೂ ಮೂರು ಸಲ ಹೇಳಿ ಮುಗಿಸಿದ್ದಳು. ಜೀವನದಲ್ಲಿ ಮೊದಲ ಸಲ ಔಟಾದವಳ ಹೆಮ್ಮೆ ಅದು. ಗೆದ್ದವರಲ್ಲೂ ನಾನು ಅಂಥ ಮುಖ ಕಂಡಿಲ್ಲ. ಆಮೇಲೆ ನನ್ನ ಮೊಳಕಾಲಿನ ಮೇಲೆ ಕೈಯಿಟ್ಟು ಸಮಾಧಾನ ಹೇಳಿದಳು: “ಬೇಜಾರ್ ಮಾಡ್ಕೋಬೇಡಿ ತಾತ. ಸ್ವಲ್ಪ ದಿನ ಅಷ್ಟೇ. ದೊಡ್ಡೋರಾದ್ಮೇಲೆ ನಿಮ್ಮನ್ನೂ ಲೆಕ್ಕಕ್ಕೆ ಸೇರಿಸ್ಕೋತಾರೆ.”

ನಾನು ಮರುದಿನದಿಂದ ಮೈದಾನವನ್ನು ಬಹಿಷ್ಕರಿಸಿದೆ. “ಮರ್ಯಾದೆ ಕೊಡಕ್ಕೆ ಅಂತ್ಲೇ ಹೇಳಿದ್ದು ಕಣ್ರೀ ಅವ್ನು. ಪಾಠ ಹೇಳ್ಕೊಟ್ಟೋರು ನೀವು” ಎಂದಳು ಹೆಂಡತಿ. ಸೀಟಿಯನ್ನು ದೇವರ ಗೂಡಿನಲ್ಲಿಟ್ಟು, ಗೇಟಿಗೆ ಚಿಲಕ ಹಾಕಿ, ಪತ್ರಿಕೆ ಹಿಡಿದು ಕುಳಿತೆ. ಐದೂವರೆಗೆ ಗೇಟು ಅಲುಗಾಡಿತು. ಏಳಲಿಲ್ಲ. ಎರಡನೆಯ ದಿನ ಅಲುಗಾಡಿಸಿದವರ ಸಂಖ್ಯೆ ಹೆಚ್ಚಿತು. ಮೂರನೆಯ ದಿನ ಒಂಬತ್ತೂ ಮಕ್ಕಳು, ಅವರ ಹಿಂದೆ ಗೇಟಿಗಿಂತ ಎತ್ತರವಾಗಿ ಎರಿಕ್, ಆರೂಕಾಲು ಗಂಟೆಯವರೆಗೆ ನಿಂತರು. ಎದುರಿಗೆ ಅಷ್ಟಗಲ ಬಯಲು ಖಾಲಿ ಬಿದ್ದಿತ್ತು. ಸುಣ್ಣದ ಗೆರೆಯನ್ನೂ ಎಳೆದಿದ್ದರು. ಒಬ್ಬರೂ ಸಾಲಿನಲ್ಲಿ ಕೂರಲಿಲ್ಲ. ಕಿಟಕಿಯಿಂದ ಇದನ್ನೆಲ್ಲ ಗಡಿಯಾರ ಹಿಡಿದು ಗಮನಿಸಿದ್ದೇನೆ.

ಆದ್ದರಿಂದ ಎರಿಕ್ ಅವರನ್ನೂ, ಮತ ಹಾಕಿದ ಮಕ್ಕಳೆಲ್ಲರನ್ನೂ, ಮುಖ್ಯವಾಗಿ ಸಮಾಧಾನ ಹೇಳಿದ ಚಿನ್ನುವನ್ನೂ ಒಂದೇ ಮಾತು ಕೇಳಬಯಸುತ್ತೇನೆ. ಉತ್ತರವನ್ನು ನಾಳೆ ಐದೂವರೆಗೆ ಗೇಟಿನ ಬಳಿಯೇ ಕೊಡಬಹುದು, ಚಿಲಕ ತೆಗೆದಿಟ್ಟಿರುತ್ತೇನೆ. ಲೆಕ್ಕಕ್ಕೇ ಇಲ್ಲದ ಮುದುಕನೊಬ್ಬ ಬರಲಿಲ್ಲವೆಂದರೆ ನಿಮ್ಮ ಆಟ ಏಕೆ ಶುರುವಾಗುವುದಿಲ್ಲ?