ಕಾವಲಿಗೆ ಅಂಕವಿಲ್ಲ

ಅಗಳಿ ಊರಿನ ಆದಿನಾರಾಯಣ ಎಂಬವರು ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಭದ್ರತೆ ಕಲಿಸುವ ಮೇಷ್ಟ್ರು. ಬೋರ್ಡಿನ ಮೇಲೆ ಬರೆದು ಕಲಿಸುವ ವಿದ್ಯೆ ಇದಲ್ಲವೆಂಬುದು ಅವರ ಹಟ. ಲ್ಯಾಬಿಗೆ ಹೊರಗಿನಿಂದ ಬರುವ ಇಂಟರ್ನೆಟ್ ತಂತಿ ಕಿತ್ತುಹಾಕಿ, ಅರ್ಧ ಮಕ್ಕಳನ್ನು ಕಳ್ಳರನ್ನಾಗಿ, ಅರ್ಧ ಮಕ್ಕಳನ್ನು ಕಾವಲಿನವರನ್ನಾಗಿ ಕೂರಿಸುತ್ತಿದ್ದರು. ಒಬ್ಬರ ಕಂಪ್ಯೂಟರಿಗೆ ಇನ್ನೊಬ್ಬರು ನುಗ್ಗಬೇಕು. ಕಳ್ಳರಾಗಲು ಎಲ್ಲರೂ ನಾ ಮುಂದು ತಾ ಮುಂದು. ಮೇಷ್ಟ್ರಿಗೂ ಅದೇ ಖುಷಿ. ಯಾರಾದರೂ ಒಳಹೊಕ್ಕರೆ ಬೆನ್ನು ತಟ್ಟಿ ಟೀ ತರಿಸುತ್ತಿದ್ದರು.

ರಾಯದುರ್ಗದ ಮೀನಾಕ್ಷಿ ಒಬ್ಬಳು ಮಾತ್ರ, "ನಾ ಕಾಯಾಕ ಕುಂದರ್ತೀನ್ರಿ ಸಾರ್" ಎಂದಳು.

"ಕಾಯೋದ್ರಾಗೆ ಕಲಿಯಾಕೆ ಏನೈತಮ್ಮ?"

"ನಮ್ಮಪ್ಪ ಕುರಿ ಕಾಯ್ತಾನ್ರಿ. ತೋಳ ಬರಲಿಲ್ಲಂದ್ರ ಆತ ಕೆಲಸಾನ ಮಾಡಿಲ್ಲ ಅಂತೀರೇನ್ರಿ?"

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರೂ ನಕ್ಕು ಸುಮ್ಮನಾದರು. ಸುಮ್ಮನಾಗಬಾರದಿತ್ತು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಎಲ್ಲರಿಗೂ ಒಂದೊಂದು ಕಂಪ್ಯೂಟರ್. ತನ್ನದನ್ನು ಕಾಯಬೇಕು, ಬೇರೆಯವರದನ್ನು ತೆರೆಯಬೇಕು. ಅಂಕ ಮಾತ್ರ ತೆರೆದದ್ದಕ್ಕೆ. ಮೀನಾಕ್ಷಿ ಯಾರ ತಂಟೆಗೂ ಹೋಗದೆ ತನ್ನದನ್ನೇ ಭದ್ರ ಮಾಡುತ್ತ ಕೂತಳು. ಇಡೀ ಕ್ಲಾಸು ಅದರ ಮೇಲೆ ಬಿದ್ದು ಬೆವರಿತು. ಕೊನೆಗೆ ಮೇಷ್ಟ್ರೇ ಅಂಗಿಯ ತೋಳು ಮಡಚಿ ಅದನ್ನು ತೆರೆಯಲು ಕೂತರು. ಅವರ ಕೈಯಲ್ಲೂ ಆಗಲಿಲ್ಲ. ನಡೆಯದೇ ಹೋದ ಕಳ್ಳತನಕ್ಕೆ ಅಂಕ ಕೊಡುವುದು ಹೇಗೆಂದು ಅವರಿಗೆ ಹೊಳೆಯಲಿಲ್ಲ. ಕೂತು ಯೋಚಿಸುವ ತಾಳ್ಮೆಯೂ ಇರಲಿಲ್ಲ. ಸೊನ್ನೆ ಹಾಕಿ ಕೈತೊಳೆದುಕೊಂಡರು.

ಹುಡುಗಿ ವಾದ ಮಾಡಲಿಲ್ಲ. ಫೇಲಾದ ಪರೀಕ್ಷೆಗೆ ಮತ್ತೆ ಬರಲೂ ಇಲ್ಲ. ರಾಯದುರ್ಗದ ಹೆಣ್ಣುಮಕ್ಕಳೆಲ್ಲ ಜೀನ್ಸ್ ಹೊಲಿಗೆಗೆ ಬಿದ್ದಿದ್ದ ಕಾಲ. ಅವಳೂ ಅಮ್ಮನ ಪಕ್ಕದ ಮಷಿನ್ನಿಗೆ ಕೂತಳೆಂದು ಯಾರೋ ಹೇಳಿದರು. ಆ ಮಾತು ಮೇಷ್ಟ್ರನ್ನು ಊಟಕ್ಕೆ ಕೂತಲ್ಲಿ, ಬಸ್ಸು ಹತ್ತಿದಲ್ಲಿ ತಿವಿಯತೊಡಗಿತು. ತಾನೇ ತೆರೆಯಲಾಗದ್ದನ್ನು ಕಟ್ಟಿದವಳಿಗೆ, ನಿನಗೇನೂ ಬಾರದೆಂದು ತಾನೇ ಬರೆದುಕೊಟ್ಟಂತಾಯಿತಲ್ಲ ಎನಿಸುತ್ತಿತ್ತು. ಮುಂದಿನ ವರ್ಷ ನಿಯಮ ಬದಲಿಸಿದರು: ಕಾದವರಿಗೂ ಅಷ್ಟೇ ಅಂಕ. ಅದನ್ನು ಹೇಳಲೆಂದೇ ರಾಯದುರ್ಗಕ್ಕೆ ಹೋದರು.

ಹೊಲಿಗೆ ಮಷಿನ್ನುಗಳ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು. "ತಪ್ಪು ನಂದೇ ಕಣಮ್ಮ. ಬಂದು ಪರೀಕ್ಷೆ ಬರಿ. ಈ ಸಲ ಕಾದೋರ್ಗೂ ಮಾರ್ಕ್ಸ್ ಐತೆ."

ಮೀನಾಕ್ಷಿ ಮಷಿನ್ ನಿಲ್ಲಿಸಿದಳು. "ಚಲೋ ಆತ್ರಿ ಸಾರ್. ಈ ವರ್ಷದವರು ಬದುಕಿದ್ರು." ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

"ಮತ್ತೆ ನೀನು?"

"ನಾ ಗೆದ್ದಿದ್ದು ನನಗ ಗೊತ್ತಿತ್ರಿ, ನಿಮಗೂ ಗೊತ್ತಿತ್ತು. ಅವತ್ತ ಎಲ್ಲಾರ ಮುಂದ ಅದೊಂದು ಮಾತು ಹೇಳಿದ್ರ ಸಾಕಿತ್ತು ಸಾರ್. ಸೊನ್ನೀನ ಹಾಕಿದ್ರೂ ನಾ ತಿರುಗಿ ಬರ್ತಿದ್ದೆ."