ಹುಚ್ಚವ್ವ ಅಂಚಿಗೆ ಹೆಸರಿಟ್ಟ ದಿನ

ಹುಚ್ಚವ್ವನಿಗೆ ಮಗ್ಗ ಪುಕ್ಕಟೆ ಸಿಗಲಿಲ್ಲ. ಗಂಡ ಸತ್ತದ್ದೇ ತಡ, ಗಜೇಂದ್ರಗಡದ ನೇಕಾರರ ಸಂಘವೊಂದು ಆಕೆಗೆ ನೂಲು ನಿಲ್ಲಿಸಿತು. ೧೯೫೫ರಲ್ಲಿ ನಾವು ಓಣಿಯ ಹೆಂಗಸರು ಸಂಘದ ಬಾಗಿಲಿಗೆ ಅಡ್ಡ ಕೂತು ಲಾಠಿ ತಿಂದ ಮೇಲೆ ನೂಲು, ಮಗ್ಗ ಎರಡೂ ಕೊಟ್ಟಿತು. ಷರತ್ತು ಒಂದೇ: ಮೊದಲ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳ ಸಾಲು, ಕೆಟ್ಟರೆ ಮಗ್ಗ ವಾಪಸ್.

“ಹೆಂಗಸಿನ ಹಾಸು ನೋಡೂದೈತಿ, ಸಂಜೀಕ ಬರ್ತೀನಿ,” ಎಂದು ಸಂಘದ ತಪಾಸಣೆಯ ಹೇಮಪ್ಪ ಓಣಿಗೆಲ್ಲ ಕೇಳುವಂತೆ ಹೇಳಿಹೋದ.

ಹಾಸು ಹೂಡುವಾಗ ಒಬ್ಬರು ಎಳೆಗಳ ಎಣಿಕೆ ಕೂಗಬೇಕು, ಇನ್ನೊಬ್ಬರು ಗೂಟಗಳ ನಡುವೆ ನೂಲು ಎಳೆಯಬೇಕು. ಬಣ್ಣಗಳ ಸರದಿ ಎಳೆಯುವವರ ಕೈಗೇ ಗೊತ್ತು. ಹುಚ್ಚವ್ವ ಕೂಗುವವಳು, ಪಕ್ಕದ ಮನೆಯ ಮಕ್ತುಮಬಿ ಎಳೆಯುವವಳು. ಆ ಸಲ ಬಂದ ಕೆಂಪು ನೂಲು ದಪ್ಪ. ಅಂಚಿನ ಪಟ್ಟೆಗೆ ಎಂದಿನಂತೆ ಹದಿನಾರು ಎಳೆ ಹಾಕಿದರೆ ಊದಿಕೊಳ್ಳುತ್ತದೆ, ಹನ್ನೆರಡು ಸಾಕು.

“ಹದಿನಾರು ಬಂದಲ್ಲೆಲ್ಲಾ ಹನ್ನೆರಡು ಅಂತೀನಿ, ಆತು,” ಅಂದಳು ಹುಚ್ಚವ್ವ.

ಅಂಚು ಚಲೋ ಬಂತು. ಸೀರೆಯ ಒಡಲು ಅರ್ಧ ಮುಗಿದಾಗ ಮಕ್ತುಮಬಿಯ ಕೈ ನಿಂತಿತು.

“ಯವ್ವಾ, ಈ ಹಳದಿ ಗೆರಿ ಯಾಕ ಬಡಕಾಗ್ಯಾವ?”

ಹುಚ್ಚವ್ವ ಬಗ್ಗಿ ಗೆರೆಯ ಎಳೆ ಎಣಿಸಿದಳು: ಹನ್ನೆರಡು. ಒಡಲಿನ ಗೆರೆಗೂ ಹದಿನಾರೇ ಎಳೆ ಬೇಕಿತ್ತು. ಅದರ ನೂಲು ಮಾತ್ರ ಹಳೆಯದೇ, ತೆಳ್ಳಗಿನದೇ. ಅಂಚಿನ ಹದಿನಾರು ಬೇರೆ, ಗೆರೆಯ ಹದಿನಾರು ಬೇರೆ. ಕೂಗುವ ಬಾಯಿಗೆ ಎರಡೂ ಒಂದೇ ಆಗಿದ್ದವು.

ಹೊತ್ತು ಇಳಿಯುತ್ತಿತ್ತು. ಅಂಚು ಉಳಿಸಿ, ಒಡಲನ್ನು ಎಳೆ ಹರಿಯದಂತೆ ಬಿಚ್ಚಿದರು. ಎಳೆಗೊಂದು ಬೈಗುಳ.

“ಇನ್ನ ಎಣಿಕಿ ಕೂಗಂಗಿಲ್ಲ. ಅಂಚು ಅಂದ್ರ ಹನ್ನೆರಡು, ಗೆರಿ ಅಂದ್ರ ಹದಿನಾರು. ಈಗೊಮ್ಮೆ ಹೇಳೀನಿ, ಮತ್ತ ಕೇಳಬ್ಯಾಡ,” ಅಂದಳು ಹುಚ್ಚವ್ವ.

“ಎಡಕ್ಕೊಂದು ಬಲಕ್ಕೊಂದು, ಎರಡು ದಂಡಿ ಅದಾವಲ್ಲ, ಆ ಎರಡಕ್ಕೂ ಒಂದ್ ಹೆಸರಿಡು ಹಂಗಾರ!” ಅಂತ ಮಕ್ತುಮಬಿ ಅಣಕಿಸಿದಳು.

“ಅಂಚು ಅಂದ್ರ ಎರಡೂ ದಂಡಿ ಬಂದ್ವು. ಸೀರಿಗೆ ಮೂರನೇ ದಂಡಿ ಹುಟ್ಟಿದಾಗ ಬ್ಯಾರೆ ಹೆಸರಿಡೋಣು. ಎಳಿ ಲಗೂ!”

ಕಡೆಯ ಅಂಚು ಹೂಡುವಾಗ ಹೇಮಪ್ಪ ಬಂದ. ಎಳೆ ತಪ್ಪಿಸಲೆಂದೇ ನಡುವೆ ಬಾಯಿ ಹಾಕಿದ: “ಹದಿನಾರಲ್ಲೇನಬೇ ಅದು? ಹದಿನಾರು!”

ಮಕ್ತುಮಬಿ ತಲೆ ಎತ್ತಲಿಲ್ಲ. “ಅದು ಅಂಚ್ರಿ,” ಅಂದಳು. ಕೈ ನಿಲ್ಲಲಿಲ್ಲ.

ಅವನು ಎರಡೂ ಅಂಚಿಗೆ ಬೆರಳಿಟ್ಟು ನೋಡಿದ, ಗೆರೆಗಳ ಮೇಲೂ ಬೆರಳಾಡಿಸಿದ. ತಪ್ಪು ಸಿಗಲಿಲ್ಲ. “ಇರ್ಲಿ ಮಗ್ಗ,” ಎಂದು ಚಪ್ಪಲಿ ಮೆಟ್ಟಿದ.

ಮರುವರ್ಷ ಮತ್ತೆ ತೆಳ್ಳನೆಯ ಕೆಂಪು ನೂಲು ಬಂತು. ಹೂಡುವ ಮುಂಚೆ ಹುಚ್ಚವ್ವ ಒಂದೇ ಮಾತು ಹೇಳಿದಳು: “ಇವತ್ತ ಅಂಚಂದ್ರ ಹದಿನಾರು.” ಉಳಿದ ಕೂಗು ಹಿಂದಿನದೇ.