ಸಂಕದ ಆಚೆಯ ದಡ

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ರಸ್ತೆಗಳನ್ನು ಅಗಲ ಮಾಡತೊಡಗಿದಾಗ ಮೊದಲು ಹೋದದ್ದು ಬದಿಯ ಮರಗಳು. ಆಮೇಲೆ ಹೋದವರು ನಡೆಯುವವರು. ನಾನು ಮೂಡಬಿದಿರೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಬೆಳಗ್ಗೆ ಸ್ವಲ್ಪ ದೂರ ನಡೆದು ಬಾರದಿದ್ದರೆ ದಿನ ಶುರುವಾದಂತೆಯೇ ಅನ್ನಿಸದು. ಟಿಪ್ಪರ್‌ಗಳು ಸೆರಗಿಗೆ ತಾಗುವಷ್ಟು ಹತ್ತಿರ ಓಡತೊಡಗಿದ ಮೇಲೆ ಆ ನಡಿಗೆ ನಿಂತುಹೋಯಿತು. ಅದೇ ಹೊತ್ತಿಗೆ ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಅಧ್ಯಾಪಕಿ ಪುಸ್ತಕ ಹಿಂದಿರುಗಿಸಲು ಬಂದವಳು, "ಮೇಡಂ, ಭಾನುವಾರ ನಮ್ಮ ಜೊತೆ ನಡೆಯೋಕೆ ಬರ್ತೀರಾ?" ಎಂದು ಕೇಳಿದಳು. ಅವಳು ಸಾಗರದ ಕಡೆಯವಳು. ನಮ್ಮೂರಿಗೆ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ, ತುಳು ಬರುತ್ತಿರಲಿಲ್ಲ.

ಅವಳು ಸೇರಿದ್ದ ಗುಂಪಿನದು ಸಂಬಳವಿಲ್ಲದ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಪೇಟೆಗಳ ನಡುವೆ ದೊಡ್ಡ ರಸ್ತೆ ಮುಟ್ಟದೆ ನಡೆದು ಹೋಗುವ ದಾರಿಗಳನ್ನು ಹುಡುಕಿ ನಕ್ಷೆ ಮಾಡುವುದು. ಒಬ್ಬರು ದಾರಿ ಎಳೆಯುತ್ತಾರೆ. ಬೇರೆಯವರು ಅದನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಿ ಅಭಿಪ್ರಾಯ ಬರೆಯುತ್ತಾರೆ. ಎಲ್ಲಿ ನಾಯಿ ಉಂಟು, ಎಲ್ಲಿ ಬೇಲಿ ಹಾಕಿದ್ದಾರೆ, ಎಲ್ಲಿ ಕುಡಿಯುವ ನೀರು ಸಿಗುತ್ತದೆ, ಯಾರ ಅಂಗಳದಲ್ಲಿ ಹಾಯಲು ಕೇಳಬೇಕು ಎಂದೆಲ್ಲ. ಎರಡೂ ಸಲ ಒಪ್ಪಿಗೆಯಾದ ದಾರಿ ಮಾತ್ರ ಎಲ್ಲರ ಫೋನಿಗೆ ಸಿಗುತ್ತದೆ.

ನನ್ನ ತವರು ಬಂಟ್ವಾಳದ ಪಕ್ಕದ ನರಿಕೊಂಬು. ಮದುವೆಯಾಗಿ ಮೂಡಬಿದಿರೆಗೆ ಬಂದ ಮೇಲೆ ಆ ಎರಡು ಊರುಗಳ ನಡುವೆ ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ ನನಗೆ ಗೊತ್ತಿತ್ತು. ಹಾಗಾಗಿ ಮೂಡಬಿದಿರೆಯಿಂದ ವಾಮದಪದವಿನ ಮೂಲಕ ಬಂಟ್ವಾಳಕ್ಕೆ ಇಳಿಯುವ ದಾರಿಯನ್ನು ಮಳೆಗಾಲದಲ್ಲಿ ಪರೀಕ್ಷಿಸಲು ಜನ ಬೇಕು ಎಂದಾಗ ನಾನೇ ಒಪ್ಪಿಕೊಂಡೆ. ಜೊತೆಗೆ ಅಧ್ಯಾಪಕಿ.

ಅದು ಆಟಿ ತಿಂಗಳು, ಮಳೆ ಹಿಡಿದರೆ ಬಿಡದ ಕಾಲ. ನಾವು ಹೊರಟ ಬೆಳಗ್ಗೆ ಮಾತ್ರ ಸ್ವಲ್ಪ ಹೊಳವಾಗಿತ್ತು. ವಾಮದಪದವು ಇನ್ನೂ ದೂರ ಇರುವಾಗ ದಾರಿ ಒಂದು ರಬ್ಬರ್ ತೋಟದ ಬದಿಯಲ್ಲಿ ಇಳಿದು ತೋಡಿನ, ಅಂದರೆ ಸಣ್ಣ ಹಳ್ಳದ, ದಡಕ್ಕೆ ಬಂತು. ಅಲ್ಲಿ ಒಂದು ಸಂಕ. ಅಡಿಕೆ ಮರದ ಮೂರು ಕಾಂಡಗಳನ್ನು ಒಟ್ಟಿಗೆ ಕಟ್ಟಿ, ಕೈಗೆ ಆಧಾರವೆಂದು ಒಂದು ತಂತಿ ಎಳೆದ ಕಾಲುಸೇತುವೆ. ಬೇಸಿಗೆಯಲ್ಲಿ ನಡೆದವರು ಅದರ ಫೋಟೊ ಹಾಕಿ, ಇಡೀ ದಾರಿಯಲ್ಲಿ ಅತ್ಯಂತ ಚಂದದ ಜಾಗ ಎಂದು ಬರೆದಿದ್ದರು. ಫೋಟೊದಲ್ಲಿ ಕೆಳಗೆ ಪಾದ ಮುಳುಗುವಷ್ಟು ನೀರು, ಬೆಳ್ಳಗಿನ ಮರಳು. ಈಗ ಕೆಂಪು ನೀರು ಕಾಂಡಗಳ ಹೊಟ್ಟೆಯನ್ನು ನೆಕ್ಕುತ್ತ ಹೋಗುತ್ತಿತ್ತು.

"ತಂತಿ ಗಟ್ಟಿಯಾಗಿದೆ ಮೇಡಂ. ನಾನು ಮೊದಲು ಹೋಗಿ ನೋಡ್ತೀನಿ," ಎಂದು ಅಧ್ಯಾಪಕಿ ಒಂದು ಕಾಲು ಇಟ್ಟಳು.

"ಪೋವಡೆ! ಪೋವಡೆ!"

ಹೋಗಬೇಡಿ ಎಂಬ ಆ ಕೂಗು ನಮ್ಮ ಬೆನ್ನ ಹಿಂದಿನಿಂದ, ಮೇಲಿನಿಂದ ಬಂತು. ತಿರುಗಿ ನೋಡಿದರೆ ದಿಣ್ಣೆಯ ಮೇಲಿನ ಮನೆಯ ಅಂಗಳದಿಂದ ಒಬ್ಬ ಹೆಂಗಸು ಬರಿಗಾಲಿನಲ್ಲಿ ಓಡಿ ಇಳಿಯುತ್ತಿದ್ದಳು. ಅರವತ್ತರ ಆಸುಪಾಸಿನವಳು. ತುಳುವಿನಲ್ಲಿ ಬೈಯುತ್ತಲೇ ಬಂದವಳು ಅಧ್ಯಾಪಕಿಯ ರಟ್ಟೆ ಹಿಡಿದು ಈಚೆಗೆ ಎಳೆದಳು.

ಇವಳಿಗೆ ತುಳು ಅರ್ಥವಾಗುವುದಿಲ್ಲ ಎಂದು ನಾನು ಹೇಳಿದೆ. ಹೆಂಗಸು ಉಸಿರು ತೆಗೆದುಕೊಂಡು ಶಾಲೆಯಲ್ಲಿ ಕಲಿತ ಕನ್ನಡವನ್ನು ಒಂದೊಂದೇ ಮಾತಾಗಿ ಹೊರಗೆ ತಂದಳು.

"ನೀರು ನಿಮಗೆ ಮೇಲೆ ಕಾಣುವುದು ಬೇರೆ, ಅಡಿಯಲ್ಲಿ ಇರುವುದು ಬೇರೆ. ಈ ಮರ ತಿರುಗುತ್ತದೆ ಮಾರಾಯ್ರೇ. ತಂತಿ ಎಂತ ಮಾಡ್ತದೆ? ತಂತಿ ಕೈಯಲ್ಲಿ ಇರ್ತದೆ, ಜನ ಇರುವುದಿಲ್ಲ."

ಅಷ್ಟರಲ್ಲಿ ಮಳೆ ಮತ್ತೆ ಶುರುವಾಯಿತು. "ಬನ್ನಿ, ಮೇಲೆ ಹೋಗುವ," ಎಂದು ನಮ್ಮನ್ನು ಮನೆಗೆ ಕರೆದುಕೊಂಡು ಹೋದಳು.

ಜಗಲಿಯಲ್ಲಿ ಬೀಡಿಯ ಮೊರ ಹಾಗೆಯೇ ಬಿದ್ದಿತ್ತು, ಓಡಿ ಬರುವಾಗ ಚೆಲ್ಲಿದ ಎಲೆಗಳ ಜೊತೆ. ಅವಳು ನಮಗೆ ಚಹಾ ಕೊಟ್ಟು, ಎಲೆಗಳನ್ನು ಹೆಕ್ಕಿ, ಮೊರವನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಳು. ನನ್ನ ತಾಯಿಯೂ ಬೀಡಿ ಕಟ್ಟಿದವಳು. ಕತ್ತರಿ ಎಲೆಯನ್ನು ತಿನ್ನುವ ಆ ಸದ್ದು ಕೇಳಿ ನನಗೆ ಬೇರೆಯವರ ಮನೆ ಅನ್ನಿಸಲಿಲ್ಲ. ನಾನು ಕೇಳದೆಯೇ ಅವಳು ಹೇಳತೊಡಗಿದಳು. ಕನ್ನಡದಲ್ಲಿ ಶುರುವಾದದ್ದು ನಡುವೆ ತುಳುವಿಗೆ ಹೊರಳಿತು. ಅಧ್ಯಾಪಕಿಗೆ ಆಮೇಲೆ ನಾನು ತಿಳಿಸಿದೆ.

ಈ ಮನೆಗೆ ಮದುವೆಯಾಗಿ ಬಂದಾಗ ಅವಳಿಗೂ ಅವಳ ನಾದಿನಿಗೂ, ಅಂದರೆ ಗಂಡನ ತಂಗಿಗೂ, ಒಂದೇ ಪ್ರಾಯ. ಇಬ್ಬರೂ ಬೀಡಿ ಕಟ್ಟುತ್ತಿದ್ದರು. ಕಟ್ಟಿದ ಬೀಡಿಯನ್ನು ಕೊಟ್ಟು ಹೊಸ ಎಲೆ, ಹೊಗೆಸೊಪ್ಪು ತರಲು ತೋಡಿನ ಆಚೆ ಇದ್ದ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಬೇಕಿತ್ತು. ಆ ದಾರಿ ಮಾಡಿದ್ದೇ ಬೀಡಿಯ ಹೆಂಗಸರು. ಹೋಗುತ್ತ ಬರುತ್ತ ಅವರಿಬ್ಬರೂ ಹೇಳದ ಗುಟ್ಟಿಲ್ಲ. ಹೊಸ ಸೊಸೆಗೆ ಆ ಮನೆಯಲ್ಲಿ ಇದ್ದ ಒಂದೇ ಸ್ನೇಹ ಅದು.

"ಆ ದಿವಸವೂ ಹೀಗೆಯೇ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು," ಎಂದಳು. "ನಾನು ಚಪ್ಪಲಿ ತೆಗೆಯಲಿಕ್ಕೆ ಬಗ್ಗಿದೆ. ಸಂಕದಲ್ಲಿ ಚಪ್ಪಲಿ ಜಾರ್ತದೆ ಅಲ್ವಾ. ಅವಳು ಬೀಡಿಯ ಕಟ್ಟು ತಲೆಯಲ್ಲಿ ಇಟ್ಟುಕೊಂಡು ಮುಂದೆ ಹೋದಳು. ನಾನು ತಲೆ ಎತ್ತುವಾಗ ಸಂಕ ಮಾತ್ರ ಇತ್ತು."

ಕೂಗಿದ್ದು ಕೂಡ ಕೇಳಿಸಲಿಲ್ಲವಂತೆ. ಮರುದಿನ ಕೆಳಗಿನ ಕಿಂಡಿ ಅಣೆಕಟ್ಟಿನ ಕಂಬದ ಹತ್ತಿರ ಸಿಕ್ಕಿದಳು. ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಅತ್ತೆ ಸೊಸೆಯನ್ನು ಒಂದೇ ಒಂದು ಸಲ ಕೇಳಿದಳು: "ನೀನು ಯಾಕೆ ಹಿಂದೆ ಇದ್ದೆ?" ಚಪ್ಪಲಿಯ ವಿಷಯ ಹೇಳಲು ಬಾಯಿ ಬರಲಿಲ್ಲ. ಅತ್ತೆ ಮತ್ತೆ ಕೇಳಲೂ ಇಲ್ಲ. ಸಾಯುವವರೆಗೂ ಸೊಸೆಯೇ ಅವಳಿಗೆ ಗಂಜಿ ಕುಡಿಸಿದಳು, ಮೈ ಒರೆಸಿದಳು. ಆದರೆ ಆ ಪ್ರಶ್ನೆ ಇಬ್ಬರ ನಡುವೆ ಹಾಗೆಯೇ ಇತ್ತು. ಮಗಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಆಮೇಲೆ ಅವಳು ಸಂಕ ದಾಟಿದ್ದಿಲ್ಲ. ಟಾರು ರಸ್ತೆಯಲ್ಲಿ ಸುತ್ತು ಹಾಕಿ ಬ್ರಾಂಚಿಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಜಗಲಿಯ ಈ ಮೂಲೆಯಲ್ಲೇ ಕೂರುವುದು, ಯಾರಾದರೂ ಸಂಕದ ಹತ್ತಿರ ಬಂದರೆ ಕೂಗುವುದು. "ಮರ್ಲ್ ಅಂತ ಹೇಳ್ತಾರೆ ನನಗೆ," ಎಂದು ನಕ್ಕಳು. ತಲೆ ಕೆಟ್ಟವಳು ಎಂದರ್ಥ. "ಹೇಳಲಿ."

ನಾವು ಯಾಕೆ ಬಂದೆವೆಂದು ಕೇಳಿದಳು. ಅಧ್ಯಾಪಕಿ ಫೋನು ತೆರೆದು ದಾರಿಯ ಗೆರೆಯನ್ನು, ಸಂಕದ ಫೋಟೊವನ್ನು ತೋರಿಸಿದಳು. ಹೆಂಗಸು ಕೈಯನ್ನು ಸೀರೆಗೆ ಒರೆಸಿಕೊಂಡು ಫೋನನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಚಂದ ಉಂಟು," ಎಂದಳು. "ಬೇಸಿಗೆಯಲ್ಲಿ ಅದು ಹಾಗೆಯೇ. ಇದನ್ನು ನೋಡಿ ಊರಿನ ಗುರ್ತ ಇಲ್ಲದವರು ಬರ್ತಾರಾ?"

"ಬರ್ತಾರೆ," ಎಂದೆ.

"ನಾನು ಮನೆಯಲ್ಲಿ ಇಲ್ಲದ ದಿವಸ ಬಂದರೆ?"

ಅಧ್ಯಾಪಕಿ ಫೋನನ್ನು ಹಿಂದೆ ತೆಗೆದುಕೊಂಡು ಆ ಫೋಟೊವನ್ನು ಮುಚ್ಚಿದಳು.

ಮುಂದಿನ ಭಾನುವಾರ ಗುಂಪಿನವರು ಬಂಟ್ವಾಳದಲ್ಲಿ ಒಬ್ಬರ ಮನೆಯ ಟೆರೇಸಿನಲ್ಲಿ ಸೇರಿದೆವು. ಆ ದಾರಿ ಎಳೆದವರು ನಿವೃತ್ತ ಎಂಜಿನಿಯರ್, ಸಜ್ಜನರು. ಗದ್ದೆ, ಗುಡ್ಡ ಅಲೆದು ಅದನ್ನು ಹುಡುಕಿದ್ದರು. ಸಂಕ ಬಿಟ್ಟರೆ ದಾರಿ ರಸ್ತೆಗೆ ಹೋಗಿ ಬೀಳುತ್ತದೆ, ರಸ್ತೆ ಬೇಡವೆಂದೇ ಅಲ್ಲವೇ ಇದೆಲ್ಲ ಎಂಬುದು ಅವರ ಬೇಸರ. "ಮಳೆಗಾಲದಲ್ಲಿ ಎಚ್ಚರಿಕೆ ಅಂತ ಒಂದು ಸಾಲು ಹಾಕುವ. ಜನರಿಗೆ ಬುದ್ಧಿ ಉಂಟಲ್ವಾ?" ಎಂದರು.

ಅಧ್ಯಾಪಕಿ ಎದ್ದು ನಿಂತಳು. "ಸರ್, ನಾನು ಓದು ಬಲ್ಲವಳು, ಈಜು ಕಲಿಸೋಳು. ನಾನೇ ಕಾಲಿಟ್ಟಿದ್ದೆ," ಎಂದಳು. ಅಷ್ಟೇ. ಅವರು ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಹಾಗಾದರೆ ಬೇರೆ ದಾರಿ ಹುಡುಕುವ," ಎಂದರು.

ಹುಡುಕಲು ಮತ್ತೆ ಹೋದವರು ನಾವಿಬ್ಬರೇ. ವಿಷಯ ತಿಳಿದ ಹೆಂಗಸು ಬೀಡಿಯ ಮೊರ ಬದಿಗಿಟ್ಟು, "ನಾನೂ ಬರ್ತೇನೆ. ನಿಮಗೆ ಗೇಟು ತೆಗೆಯುವವರು ಯಾರು?" ಎಂದು ಕೊಡೆ ತೆಗೆದುಕೊಂಡಳು. ತೋಡಿನ ಗುಂಟ ಮೇಲಕ್ಕೆ ಎರಡು ತೋಟ ದಾಟಬೇಕಿತ್ತು. ಒಂದರ ಯಜಮಾನರು ಕತಾರಿನಲ್ಲಿ, ಗೇಟಿಗೆ ಬೀಗ. ತೋಟ ನೋಡಿಕೊಳ್ಳುವವನನ್ನು ಅವಳು ಕೂಗಿ ಕರೆದಳು. ಅವನು ಯಜಮಾನರಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟ. ಅವಳು ಹೆಚ್ಚೇನೂ ಹೇಳಲಿಲ್ಲ. ಸಂಕದ ದಾರಿ ಬೇಡವೆಂದು ಇವರು ಮಾಡುತ್ತಿದ್ದಾರೆ, ನಿಮ್ಮ ಬೇಲಿಯ ಬದಿಯಲ್ಲಿ ನಡೆಯುವಷ್ಟು ಜಾಗ ಬೇಕು ಎಂದಳು. ಆಚೆಯಿಂದ ಏನು ಹೇಳಿದರೋ, ಫೋನು ಹಿಂದೆ ಕೊಡುವಾಗ ಅವಳ ಮುಖ ಸಡಿಲವಾಗಿತ್ತು. "ಆ ಮಗುವಿಗೆ ಅವಳ ನೆನಪು ಉಂಟು," ಎಂದಳು. ಅವಳು ಮಗು ಎಂದ ಆ ಯಜಮಾನರಿಗೆ ಈಗ ಐವತ್ತು ದಾಟಿರಬೇಕು.

ಬೇಲಿಯ ಬದಿಯಲ್ಲೇ ನಡೆದು ಟಾರು ರಸ್ತೆಯ ಮೋರಿ ಸೇತುವೆಯ ಮೇಲೆ ತೋಡು ದಾಟಿದೆವು. ರಸ್ತೆಯಲ್ಲಿ ನಡೆಯಬೇಕಾದದ್ದು ಸೇತುವೆಯ ಉದ್ದಕ್ಕೆ ಮಾತ್ರ. ಆಚೆ ದಡದಲ್ಲಿ ಮತ್ತೆ ಕೆಳಕ್ಕೆ ಬಂದು ಹಳೆಯ ದಾರಿಯನ್ನು ಕೂಡಬೇಕು. ಕೂಡುವ ಜಾಗ ಸಂಕದ ಆಚೆ ತುದಿಯಿಂದ ಸ್ವಲ್ಪ ಮೇಲೆ, ಒಂದು ಹಲಸಿನ ಮರದ ಬುಡದಲ್ಲಿ. ಅಲ್ಲಿಗೆ ಬಂದಾಗ ಮಾತಾಡುತ್ತ ಮುಂದೆ ಹೋಗುತ್ತಿದ್ದವಳು ನಿಂತುಬಿಟ್ಟಳು. ಇಷ್ಟು ವರ್ಷ ರಸ್ತೆಯಲ್ಲಿ ಸುತ್ತಿ ಆಚೆಯ ಊರಿಗೆ ಹೋದವಳು ಈ ದಡಕ್ಕೆ ಮಾತ್ರ ಇಳಿದಿರಲಿಲ್ಲ. ಎದುರಿಗೆ ನೀರು, ಅದರಾಚೆ ದಿಣ್ಣೆ, ದಿಣ್ಣೆಯ ಮೇಲೆ ಅವಳ ಮನೆ. ಜಗಲಿಯಲ್ಲಿ ಬಿಟ್ಟು ಬಂದ ಮೊರವೂ ಕಾಣುತ್ತಿತ್ತು.

"ನಮ್ಮ ಮನೆ ಇಷ್ಟು ಹತ್ತಿರ ಕಾಣ್ತದಾ?" ಎಂದು ಮೆಲ್ಲಗೆ ಕೇಳಿದಳು.

ಹಲಸಿನ ಬೇರಿನ ಮೇಲೆ ಕುಳಿತಳು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ, ಕೊಡೆಯನ್ನು ಅಡ್ಡ ಹಿಡಿದಿದ್ದಳು. ಆಮೇಲೆ ತುಳುವಿನಲ್ಲಿ ಹೇಳಿದಳು: "ಅತ್ತೆಗೆ ಹೇಳಬಹುದಿತ್ತು. ಚಪ್ಪಲಿ ತೆಗೆಯುತ್ತಿದ್ದೆ ಅಂತ ಹೇಳಿದರೆ ಅವರು ಎಂತ ಮಾಡುತ್ತಿದ್ದರು? ನಂಬುತ್ತಿದ್ದರು. ಕೆಟ್ಟವರಲ್ಲ ಅವರು." ನಾನು ಅವಳ ಪಕ್ಕದಲ್ಲಿ ಕುಳಿತೆ.

ನಕ್ಷೆಯಲ್ಲಿ ದಾರಿಗಳು ಕೂಡುವ ಜಾಗಕ್ಕೆಲ್ಲ ಒಂದು ಹೆಸರು ಹಾಕಲೇಬೇಕು. ಇಲ್ಲದಿದ್ದರೆ ದಾರಿ ತಪ್ಪಿದವರು ಫೋನು ಮಾಡಿದಾಗ ಎಲ್ಲಿದ್ದೇವೆಂದು ಹೇಳಲು ಬರುವುದಿಲ್ಲ. ಅಧ್ಯಾಪಕಿ ಸಂಕೋಚದಿಂದ, "ಅಮ್ಮ, ಈ ಜಾಗಕ್ಕೆ ಏನಂತಾರೆ?" ಎಂದು ಕೇಳಿದಳು. ಇದಕ್ಕೆ ಹೆಸರೇ ಇಲ್ಲವೆಂದಳು. ಮತ್ತೆ ಏಳುವಾಗ, ಬೇರೆಲ್ಲೋ ನೋಡುತ್ತ, ನಾದಿನಿಯ ಹೆಸರು ಹೇಳಿದಳು. "ಅದನ್ನು ಹಾಕಲಿಕ್ಕೆ ಆಗ್ತದಾ?"

ಮನೆಯವರನ್ನು ಕೇಳದೆ ಹಾಕುವುದು ಸರಿಯಲ್ಲ ಎಂದು ನಾನು ಹೇಳಿದೆ. ನಾವು ಹಿಂದಿರುಗುವ ಹೊತ್ತಿಗೆ ಅವಳ ಗಂಡ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಹೆಂಡತಿ ಒಳಗೆ ಹೋಗಿಬಿಟ್ಟಳು, ನಾನೇ ಹೇಳಬೇಕಾಯಿತು. ಅವರು ಚೆಂಬನ್ನು ಕಟ್ಟೆಯ ಮೇಲಿಟ್ಟು ನಿಂತರು.

"ತಂಗಿಯ ಹೆಸರನ್ನು ಈ ಮನೆಯಲ್ಲಿ ಯಾರೂ ಹೇಳದೆ ಬಹಳ ಕಾಲ ಆಯ್ತು," ಎಂದರು. "ನಾನು ಹೇಳಿದರೆ ಇವಳಿಗೆ ಬೇಸರ ಆಗ್ತದೆ ಅಂತ ನಾನು ಹೇಳ್ಲಿಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು.

"ಬರೆಯಿರಿ," ಎಂದರು.

ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ನಡೆಯುವವರಿಗೆ ಅದು ನಕ್ಷೆಯಲ್ಲಿ ಸಿಗುತ್ತದೆ. ಸಂಕದ ಗೆರೆಯನ್ನೂ ಫೋಟೊವನ್ನೂ ಅಳಿಸಿದೆವು. ಎಂಜಿನಿಯರ್ ತಾವೇ ಬಂದು ಹೊಸ ದಾರಿ ನಡೆದು ನೋಡಿ, ಜಾರುವ ಜಾಗದಲ್ಲಿ ಕಲ್ಲು ಹಾಕಿಸಿದರು. ಬೇಲಿಯ ಬದಿಯಲ್ಲಿ ಮೌನವಾಗಿ ನಡೆಯಿರಿ ಎಂದು ನಾನು ಅಭಿಪ್ರಾಯದಲ್ಲಿ ಬರೆದೆ. ಮರುವರ್ಷ ಯಾರೋ ಒಬ್ಬರು, ಈ ದಾರಿ ವಿನಾಕಾರಣ ಸುತ್ತು ಬಳಸುತ್ತದೆ, ಪಕ್ಕದಲ್ಲೇ ಸೊಗಸಾದ ಕಾಲುಸೇತುವೆ ಇದೆ, ಮ್ಯಾಪ್ ಮಾಡಿದವರಿಗೆ ಕಾಣಲಿಲ್ಲವೇ ಎಂದು ಬರೆದರು. ಕಂಡಿತ್ತು, ಅದಕ್ಕೇ ಬಿಟ್ಟೆವು ಎಂದು ಉತ್ತರ ಹಾಕಿದೆ.

ಆದರೆ ಊರಿನವರು ಇಂದಿಗೂ ಪ್ರತಿ ವರ್ಷ ಮಳೆಗೆ ಮುಂಚೆ ಸಂಕ ಹಾಕುತ್ತಾರೆ. ಹಾಲು ಕೊಂಡುಹೋಗುವವರು, ಗಾರೆ ಕೆಲಸಕ್ಕೆ ಹೋಗುವವರು, ಹೊತ್ತು ಮೀರಿದವರು ಅದನ್ನೇ ದಾಟುತ್ತಾರೆ. ಸುತ್ತು ಹಾಕಿ ನಡೆಯುವ ಪುರುಸೊತ್ತು ನಮಗೆ ಉಂಟು, ಅವರಿಗೆ ಇಲ್ಲ. ಸೇತುವೆಗೆಂದು ಅರ್ಜಿ ಕೊಟ್ಟವರಲ್ಲಿ ನಾವೂ ಇದ್ದೇವೆ. ಇನ್ನೂ ಏನೂ ಆಗಿಲ್ಲ.

ಈ ಆಟಿಯಲ್ಲೂ ನಾವಿಬ್ಬರೂ ಹೋಗಿದ್ದೆವು. ಅಧ್ಯಾಪಕಿ ಈಗ ತುಳು ಮಾತಾಡುತ್ತಾಳೆ, ತಪ್ಪು ತಪ್ಪಾಗಿ. ಹೆಂಗಸು ಜಗಲಿಯ ಅದೇ ಮೂಲೆಯಲ್ಲಿ ಇದ್ದಳು. ಕಣ್ಣು ಮಂಜಾಗಿದೆ, ಬೀಡಿ ಕಟ್ಟುವುದನ್ನು ಕಡಿಮೆ ಮಾಡಿದ್ದಾಳೆ. ಈ ವರ್ಷ ಜನ ಬಂದರಾ ಎಂದು ಕೇಳಿದಳು. ಬಂದಿದ್ದಾರೆ ಎಂದೆವು.

"ಅದು ಯಾರ ಹೆಸರು ಅಂತ ಕೇಳ್ತಾರಾ?"

"ಕೆಲವರು ಕೇಳ್ತಾರೆ."

"ನೀವು ಎಂತ ಹೇಳ್ತೀರಿ?"

"ಈ ಮನೆಯ ಮಗಳು ಅಂತ ಹೇಳ್ತೇವೆ."

ಅವಳು ತಲೆಯಾಡಿಸಿ, ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಕತ್ತರಿ ತೆಗೆದುಕೊಂಡಳು.